ಐದು ನಂಬರಿನ ಮನೆ, ಹೆಸರಿಲ್ಲದ ರಸ್ತೆ

ಹೊಸಕೋಟೆ ಅಥವಾ ದೇವನಹಳ್ಳಿಯ ಉಪನೋಂದಣಿ ಕಚೇರಿಗೆ ಬರುವ ಹಳ್ಳಿಮನೆಯ ಕ್ರಯಪತ್ರದಲ್ಲಿ ಎಲ್ಲರೂ ಗಮನವಿಟ್ಟು ಓದುವುದು ಕೊನೆಯ ಪುಟವನ್ನು. ಅದು ಸ್ವತ್ತಿನ ಷೆಡ್ಯೂಲು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳು ಮುಗಿದ ಮೇಲೆ ಅಲ್ಲಿ ಅಂಕಿಗಳ ಸಾಲು ಶುರುವಾಗುತ್ತದೆ: ಖಾನೇಷುಮಾರಿ ನಂಬರು, ಪಂಚಾಯಿತಿ ಖಾತೆ ನಂಬರು, ಅಸೆಸ್‌ಮೆಂಟ್ ನಂಬರು, ಇ-ಸ್ವತ್ತಿನ ಉದ್ದನೆಯ ಸಂಖ್ಯೆ. ಲೈಟ್ ಬಿಲ್ಲನ್ನೂ ಜೊತೆಗಿಟ್ಟರೆ ಆರ್.ಆರ್. ನಂಬರು ಸೇರಿ ಐದಾಯಿತು. ಆಮೇಲೆ ಪೂರ್ವ-ಪಶ್ಚಿಮ ಇಷ್ಟು ಅಡಿ, ಉತ್ತರ-ದಕ್ಷಿಣ ಇಷ್ಟು ಅಡಿ. ಕಡೆಗೆ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಿಲು, ದಕ್ಷಿಣಕ್ಕೆ ರಸ್ತೆ. ಯಾವ ರಸ್ತೆ ಎಂದು ಕೇಳಿದರೆ ಪತ್ರಬರಹಗಾರನ ಬಳಿ ಉತ್ತರವಿರುವುದಿಲ್ಲ. ರಸ್ತೆ, ಅಷ್ಟೇ.

ಇಷ್ಟೆಲ್ಲ ನಂಬರಿದ್ದರೂ ಪಾರ್ಸೆಲ್ ತಂದ ಹುಡುಗ ಅರಳಿಕಟ್ಟೆಯ ಹತ್ತಿರ ಬೈಕು ನಿಲ್ಲಿಸಿ ಫೋನು ಮಾಡಲೇಬೇಕು. ಆ ನಂಬರುಗಳಲ್ಲಿ ಒಂದನ್ನೂ ದಾರಿ ತೋರಿಸಲೆಂದು ಕೊಟ್ಟದ್ದಲ್ಲ. ಒಂದೊಂದನ್ನೂ ಒಂದೊಂದು ಕಾಲದಲ್ಲಿ, ಒಂದೊಂದು ಕಚೇರಿ, ತನಗೆ ಬರಬೇಕಾದ ಬಾಕಿಯ ಲೆಕ್ಕಕ್ಕಾಗಿ ಬರೆದುಕೊಂಡಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ವಿಳಾಸದ ಚರಿತ್ರೆ ಬಹುಪಾಲು ತೆರಿಗೆಯ ಚರಿತ್ರೆಯೇ. ಬೀದಿಗೆ ಹೆಸರಿಡುವ ಕೆಲಸ ಅದರ ಪಕ್ಕದಲ್ಲಿ, ಬೇರೆಯದೇ ದಾರಿಯಲ್ಲಿ ನಡೆದುಬಂದಿದೆ.

ಎಲ್ಲಕ್ಕಿಂತ ಹಳೆಯದು ಚಕ್ಕುಬಂದಿ. ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಸಣ್ಣ ಹಳ್ಳಿ. ಎಂಟನೆಯ ಶತಮಾನದಲ್ಲಿ ಅದು ಗಂಗರ ಮಾನ್ಯಪುರ. ಗಂಗ ದೊರೆ ಶ್ರೀಪುರುಷ 776ರಲ್ಲಿ ಮಾನ್ಯಪುರದಲ್ಲಿದ್ದಾಗ ಹೊರಡಿಸಿದ ದೇವರಹಳ್ಳಿಯ ತಾಮ್ರಪಟದಲ್ಲಿ ಒಂದು ಸೊಗಸಿದೆ. ವಂಶಾವಳಿ, ಹೊಗಳಿಕೆ, ದಾನದ ವಿವರವೆಲ್ಲ ಸಂಸ್ಕೃತದಲ್ಲಿ ಸಾಗುತ್ತದೆ. ಕೊಟ್ಟ ಊರಿನ ಎಲ್ಲೆ ಹೇಳುವ ಹೊತ್ತಿಗೆ ಕನ್ನಡ ನುಗ್ಗುತ್ತದೆ. ಈ ದಿಕ್ಕಿಗೆ ಬಿಳಿಗಲ್ಲಿನ ಮೊರಡಿ, ಆ ದಿಕ್ಕಿಗೆ ಕೆರೆ ಎಂದು ಸುತ್ತು ಹಾಕಿ ಬರುವ ಆ ವಿವರಣೆ ರಾಜನಿಗಾಗಿ ಇದ್ದದ್ದಲ್ಲ. ನಾಳೆ ತಂಟೆ ಬಂದರೆ ಎಲ್ಲೆ ತೋರಿಸಬೇಕಾದ ಒಕ್ಕಲಿನವನಿಗೆ ತಿಳಿಯಬೇಕಿತ್ತು. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ನಾಲ್ಕು ದಿಕ್ಕಿನ ನೆರೆಯನ್ನು ಹೇಳಿ ನಡುವಿನ ಜಾಗವನ್ನು ಗುರುತಿಸುವ ಆ ಕ್ರಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂದಿಗೂ ನಡೆಯುತ್ತದೆ. ಅಂಕಿಯಲ್ಲಿ ತಪ್ಪು ಬಿದ್ದು ತಕರಾರಾದರೆ ನ್ಯಾಯಾಲಯಗಳೂ ಹಲವು ಬಾರಿ ಚಕ್ಕುಬಂದಿಯನ್ನೇ ನೆಚ್ಚುತ್ತವೆ.

ಊರು ಪೇಟೆಯಾದಾಗ ಬೀದಿಗಳಿಗೆ ಹೆಸರು ಬಂತು. ಯಾರೂ ಕೂತು ನಿರ್ಣಯ ಮಾಡಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಕಲ್ಲುಪೇಟೆ, ಚಿಕ್ಕಪೇಟೆ, ದೇವಾಂಗಪೇಟೆ, ಕುಚ್ಚಪ್ಪನಪೇಟೆ ಎಂದರೆ ಅಲ್ಲಿ ಏನು ಮಾರುತ್ತಿದ್ದರು, ಯಾರು ನೇಯುತ್ತಿದ್ದರು, ಯಾರು ನೆಲೆಗೊಳಿಸಿದರು ಎಂಬುದರ ಜಾಡು ಸಿಗುತ್ತದೆ. ತೇರು ಹರಿಯುವುದು ತೇರಿನಬೀದಿ. ಕೋಟೆಯ ಯಾವ ಬಾಗಿಲು ಅರಳುಮಲ್ಲಿಗೆಯ ಕಡೆಗೆ ತೆರೆದಿತ್ತೋ ಅದು ಅರಳುಮಲ್ಲಿಗೆ ಬಾಗಿಲು. ಬಾಗಿಲು ಹೋದರೂ ಆ ಜಾಗದ ಹೆಸರು ಹೋಗಿಲ್ಲ. ಹೀಗೆ ಹುಟ್ಟಿದ ಹೆಸರಿಗೆ ಫಲಕ ಬೇಕಿರಲಿಲ್ಲ, ನಂಬರೂ ಬೇಕಿರಲಿಲ್ಲ. ಪೇಟೆಯ ಹೆಸರು ಹೇಳಿ ಮನೆಯ ಯಜಮಾನನ ಹೆಸರು ಹೇಳಿದರೆ ವಿಳಾಸ ಮುಗಿಯುತ್ತಿತ್ತು.

ದೇವನಹಳ್ಳಿಯಲ್ಲಿ ವಿಳಾಸ ಕೋಟೆಯಿಂದಲೇ ಶುರು. ಆವತಿಯ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ಅದಕ್ಕೂ ಮುಂಚೆ ಊರು ದೇವನದೊಡ್ಡಿ. ಹಾಗಾಗಿ ಒಂದು ಮನೆ ಕೋಟೆ ಒಳಗಿರಬೇಕು, ಇಲ್ಲವೇ ಹೊರಗಿನ ಪೇಟೆಯಲ್ಲಿರಬೇಕು. ಟಿಪ್ಪು ಸುಲ್ತಾನ್ ಹುಟ್ಟಿದ ಜಾಗದ ಗುರುತು ಕೋಟೆಯ ಹತ್ತಿರವೇ ಇದೆ. ಒಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಹೊಸಕೋಟೆಯ ಹೆಸರೂ ಕೋಟೆಯದೇ. ಸುಗಟೂರಿನ ತಮ್ಮೇಗೌಡ 1595ರ ಸುಮಾರಿಗೆ ಹೊಸದಾಗಿ ಕಟ್ಟಿಸಿದ ಕೋಟೆ ಊರನ್ನೇ ಹೆಸರಿಸಿತು.

ಮನುಷ್ಯನ ಹೆಸರೇ ವಿಳಾಸವನ್ನು ಹೊತ್ತು ಓಡಾಡುತ್ತಿದ್ದ ಕಾಲವೂ ಅದು. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಹೆಸರಿನ ಮೊದಲಕ್ಷರ ಮಾತ್ರ ದೇವನಹಳ್ಳಿಯದು. ಕುಟುಂಬ ಊರು ಬಿಟ್ಟರೂ ಇನಿಷಿಯಲ್ಲು ಊರು ಬಿಡಲಿಲ್ಲ.

ಸರ್ಕಾರಕ್ಕೆ ಇಷ್ಟು ಸಾಕಾಗಲಿಲ್ಲ. ಮೈಸೂರು ಸೀಮೆಯಲ್ಲಿ ಮೊಹತರ್ಫಾ ಎಂಬ ತೆರಿಗೆ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ಬೀಳುತ್ತಿತ್ತು. ತೆರಿಗೆ ಹಾಕಬೇಕಾದರೆ ಎಣಿಸಬೇಕು. ಶಾನುಭೋಗರು ಊರಿನ ಮನೆಗಳನ್ನು ಒಂದು ತುದಿಯಿಂದ ಎಣಿಸಿ ಬರೆದಿಟ್ಟ ಪಟ್ಟಿಯೇ ಖಾನೇಷುಮಾರಿ. 1871ರ ನವೆಂಬರ್ 14ರಂದು ಮೈಸೂರು ಸಂಸ್ಥಾನದಲ್ಲಿ ಮೊದಲ ಕ್ರಮಬದ್ಧ ಜನಗಣತಿ ನಡೆಯುವವರೆಗೂ ಜನಸಂಖ್ಯೆಯ ಅಂದಾಜಿಗೆ ಈ ಪಟ್ಟಿಗಳೇ ಆಧಾರವಾಗಿದ್ದವು. ಆಮೇಲೆ ಗಣತಿ ಬೇರೆಯಾಯಿತು. ಖಾನೇಷುಮಾರಿ ಮನೆಯ ಗುರುತಾಗಿ ಉಳಿಯಿತು. ಅಜ್ಜನ ಕಾಲದ ಒಂದು ಮನೆ ನಾಲ್ಕು ಮಕ್ಕಳಿಗೆ ಹಂಚಿಕೆಯಾದಾಗ ನಾಲ್ಕಕ್ಕೂ ಅದೇ ನಂಬರು ಅಂಟಿಕೊಂಡಿತು. ಒಂದೇ ಖಾನೇಷುಮಾರಿ ನಂಬರಿನ ಮನೆಗಳನ್ನು ಬೇರೆ ಮಾಡಿ ತೋರಿಸಲು ಮತ್ತೆ ಚಕ್ಕುಬಂದಿಯೇ ಗತಿ.

ಹೊಲದ ಕಥೆ ಇದಕ್ಕೆ ಪೂರಾ ಉಲ್ಟಾ. ಮುಂಬೈ ಮಾದರಿಯ ಕಂದಾಯ ಸರ್ವೆ ಮೈಸೂರಿನಲ್ಲಿ ಶುರುವಾದದ್ದು 1863ರಲ್ಲಿ. ಸರಪಳಿ ಹಿಡಿದು ಅಳೆದು, ಮೂಲೆಗೊಂದು ಕಲ್ಲು ನೆಟ್ಟು, ಪ್ರತಿ ಜಮೀನಿಗೂ ಸರ್ವೆ ನಂಬರು ಕೊಟ್ಟರು. ಅದು ಒಡೆದರೆ ಹಿಸ್ಸಾ ನಂಬರು. ಗ್ರಾಮನಕ್ಷೆಯಲ್ಲಿ ಕೆರೆ, ಗುಂಡುತೋಪು, ಗೋಮಾಳ, ಬಂಡಿಜಾಡು ಎಲ್ಲಕ್ಕೂ ಜಾಗವಿತ್ತು. ಜನ ವಾಸಿಸುವ ಗ್ರಾಮಠಾಣದ ಒಳಗನ್ನು ಮಾತ್ರ ಮನೆಮನೆಯಾಗಿ ಅಳೆಯಲಿಲ್ಲ. ಕಂದಾಯ ಹುಟ್ಟುತ್ತಿದ್ದದ್ದು ನೆಲದಲ್ಲಿ, ಮನೆಯಲ್ಲಲ್ಲ. ಹೀಗಾಗಿ ಒಂದೂವರೆ ಶತಮಾನ ಕಾಲ ಈ ಜಿಲ್ಲೆಯ ರಾಗಿ ಹೊಲಕ್ಕೆ ಇದ್ದಷ್ಟು ಖಚಿತವಾದ ಗುರುತು ಆ ಹೊಲದ ಒಡೆಯ ಮಲಗುವ ಮನೆಗೆ ಇರಲಿಲ್ಲ. ಸರ್ಕಾರಿ ಪುಸ್ತಕದಲ್ಲಿ ಊರುಗಳೂ ವಿಂಗಡವಾದವು: ಮುಖ್ಯ ಗ್ರಾಮ ಅಸಲಿ, ಅದರ ಮಗ್ಗುಲಿನ ಮಜರೆ ದಾಖಲಿ, ಜನ ಬಿಟ್ಟುಹೋದದ್ದು ಬೇಚರಾಕ್. ಬೇಚರಾಕ್ ಗ್ರಾಮದಲ್ಲಿ ಒಂದು ಮನೆಯಿಲ್ಲದಿದ್ದರೂ ಸರ್ವೆ ನಂಬರುಗಳಿಗೆ ಕೊರತೆಯಿಲ್ಲ.

ಮನೆಗೆ ನಂಬರು ಹಚ್ಚುವ ಕೆಲಸ ಬೇರೆಡೆಯೂ ಹುಟ್ಟಿದ್ದು ದೊರೆಗಳ ಅಗತ್ಯದಿಂದಲೇ. 1770ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ವಿಯೆನ್ನಾದ ಮನೆಗಳಿಗೆ ನಂಬರು ಬರೆಸಿದ್ದು ಸೈನ್ಯಕ್ಕೆ ಗಂಡಾಳುಗಳನ್ನು ಹುಡುಕಲು. ಪ್ಯಾರಿಸ್ಸಿನಲ್ಲಿ 1805ರ ಆಜ್ಞೆಯ ಮೇಲೆ ಬೀದಿಯ ಒಂದು ಮಗ್ಗುಲಿಗೆ ಸಮಸಂಖ್ಯೆ, ಇನ್ನೊಂದಕ್ಕೆ ಬೆಸಸಂಖ್ಯೆ ಬಂತು. ಅಲ್ಲಿ ಕ್ರಮೇಣ ಬೀದಿ ಮತ್ತು ನಂಬರು ಒಂದಕ್ಕೊಂದು ಗಂಟುಬಿದ್ದು ಅಂಚೆಯವನಿಗೂ ಉಪಯೋಗಕ್ಕೆ ಬಂದವು. ಈ ಸೀಮೆಯಲ್ಲಿ ಆ ಗಂಟು ಬೀಳಲಿಲ್ಲ.

ಪ್ರಯತ್ನವೇ ಆಗಲಿಲ್ಲ ಎಂದಲ್ಲ. 1862ರಲ್ಲಿ ಬೆಂಗಳೂರಿಗೆ ಮುನಿಸಿಪಲ್ ಬೋರ್ಡು ಬಂತು. ತಾಲ್ಲೂಕು ಪಟ್ಟಣಗಳಿಗೂ ಮುನಿಸಿಪಾಲಿಟಿಗಳು ಬಂದವು. ಸಂಸ್ಥಾನದ 1906ರ ಮುನಿಸಿಪಲ್ ರೆಗ್ಯುಲೇಷನ್, 1933 ಮತ್ತು 1951ರ ಕಾಯ್ದೆಗಳನ್ನು ದಾಟಿ, ಏಕೀಕರಣದ ನಂತರ ರಾಜ್ಯಕ್ಕೆಲ್ಲ ಒಂದೇ ಎಂದು 1964ರ ಪುರಸಭೆಗಳ ಕಾಯ್ದೆ ಬಂತು. ಬೀದಿಗೆ ಹೆಸರಿಡುವುದು, ಅದನ್ನು ಎದ್ದುಕಾಣುವ ಗೋಡೆಯ ಮೇಲೆ ಬರೆಸುವುದು, ಮನೆಗಳಿಗೆ ನಂಬರು ಹಾಕಿಸುವುದು ಪುರಸಭೆಯ ಅಧಿಕಾರ; ಕಿತ್ತುಹಾಕಿದವನಿಗೆ ದಂಡ. ನಂಬರಿನ ಕೆಲಸ ತೆರಿಗೆ ವಿಭಾಗದ ಪಾಲಾಯಿತು, ಹೆಸರಿನ ಕೆಲಸ ಸದಸ್ಯರ ಸಭೆಯ ಪಾಲಾಯಿತು. ಒಂದೇ ಕಟ್ಟಡದ ಈ ಎರಡು ಕೋಣೆಗಳ ನಡುವೆ ಮಾತುಕತೆ ಕಡಿಮೆ.

ತೆರಿಗೆ ವಿಭಾಗದ ರೀತಿ ಹೀಗೆ: ಮೊದಲು ವಾರ್ಡು, ಆಮೇಲೆ ಬೀದಿಯ ಸಂಖ್ಯೆ, ಆಮೇಲೆ ಸ್ವತ್ತಿನ ಸಂಖ್ಯೆ. ಅಡ್ಡಗೆರೆ ಹಾಕಿ ಮೂರನ್ನೂ ಜೋಡಿಸಿದರೆ ಬೆಂಗಳೂರಿನವರು ಪಿ.ಐ.ಡಿ. ಎನ್ನುವ ಗುರುತು ಸಿದ್ಧ. ಎರಡು ಸಾವಿರದ ದಶಕದ 'ನಿರ್ಮಲ ನಗರ' ಯೋಜನೆಯಲ್ಲಿ ರಾಜ್ಯದ ಹಲವು ಪಟ್ಟಣಗಳ ಸ್ವತ್ತುಗಳು ಗಣಕೀಕೃತ ನಕ್ಷೆಗೆ ಏರಿದವು. ಆದರೆ ವಾರ್ಡು ನಿಲ್ಲುವ ವಸ್ತುವಲ್ಲ. ಇಂದು ದೊಡ್ಡಬಳ್ಳಾಪುರ ಮತ್ತು ಹೊಸಕೋಟೆ ನಗರಸಭೆಗಳಲ್ಲಿ 31 ವಾರ್ಡುಗಳಿವೆ, ದೇವನಹಳ್ಳಿ ಮತ್ತು ವಿಜಯಪುರ ಪುರಸಭೆಗಳಲ್ಲಿ 23. ಪಟ್ಟಣ ಬೆಳೆದು ವಾರ್ಡಿನ ಗೆರೆ ಸರಿದಾಗಲೆಲ್ಲ ಹಳೇ ನಂಬರು, ಹೊಸ ನಂಬರು ಎಂದು ಖಾತೆಯಲ್ಲಿ ಎರಡೂ ಬರೆಯಬೇಕಾಗುತ್ತದೆ. ನೆಲಮಂಗಲ ನಗರಸಭೆಯಾಗುವಾಗ ಅರಿಶಿನಕುಂಟೆ, ಬಸವನಹಳ್ಳಿಯಂಥ ಸುತ್ತಲಿನ ಪಂಚಾಯಿತಿ ಊರುಗಳು ಅದರೊಳಗೆ ಸೇರಿದವು. ಅಲ್ಲಿನ ಮನೆಗಳು ಕದಲಲಿಲ್ಲ. ಪಂಚಾಯಿತಿಯ ನಮೂನೆ 9 ಮತ್ತು 11ರಿಂದ ನಗರಸಭೆಯ ನಮೂನೆ 3ಕ್ಕೆ ಕಾಗದ ಮಾತ್ರ ಕದಲಿತು. ಸಂಖ್ಯೆಯೂ ಬದಲಾಯಿತು.

ಹೆಸರಿನ ವಿಭಾಗದಲ್ಲಿ ರಂಗು ಜಾಸ್ತಿ. ವೃತ್ತಕ್ಕೆ ಯಾರ ಹೆಸರು, ಮುಖ್ಯರಸ್ತೆಗೆ ಯಾರ ಹೆಸರು ಎಂಬ ಚರ್ಚೆ ಕಾವೇರುವುದು ಎಲ್ಲ ಪಟ್ಟಣಗಳಲ್ಲೂ ಇದ್ದದ್ದೇ. ಅಡ್ಡರಸ್ತೆಗೆ ಹೆಸರಿಡಲು ಯಾರೂ ಜಗಳವಾಡುವುದಿಲ್ಲ. ಆದ್ದರಿಂದ ಅವುಗಳಿಗೆ ಹೆಸರೂ ಇಲ್ಲ. ಇಟ್ಟ ಹೆಸರಿಗಿಂತ ಬಿದ್ದ ಹೆಸರು ಗಟ್ಟಿ ಎಂಬುದಕ್ಕೆ ನೆಲಮಂಗಲ ತಾಲ್ಲೂಕಿನಲ್ಲೇ ಸಾಕ್ಷಿಯಿದೆ. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿ 1835ರಿಂದ ಕಾಲು ಶತಮಾನ ಆಳಿದ ಆರ್.ಎಸ್. ಡಾಬ್ಸ್ ಎಂಬ ಸೇನಾಧಿಕಾರಿಯ ಹೆಸರು ತುಮಕೂರು ರಸ್ತೆಯ ಒಂದು ಪೇಟೆಗೆ ಅಂಟಿತು. ಕಂದಾಯ ದಾಖಲೆಯಲ್ಲಿ ಹೋಬಳಿ ಸೋಂಪುರ. ಬಸ್ಸಿನ ಕಂಡಕ್ಟರು ಕೂಗುವುದು ಡಾಬಸ್‌ಪೇಟೆ. ಹಾಗೆಯೇ ಬೆಂಗಳೂರು-ಹೊನ್ನಾವರ ರಸ್ತೆಯ ಗುರುತಾದ ಬಿ.ಹೆಚ್. ರಸ್ತೆ ಎಂಬ ಹೆಸರು ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆಗಳು ಬಂದ ಮೇಲೂ ಅಂಗಡಿ ಬೋರ್ಡುಗಳಲ್ಲಿ ಉಳಿದಿದೆ. ಡಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಹೆದ್ದಾರಿ 207 ಆಗಿತ್ತು. 2010ರ ಮರುಸಂಖ್ಯೆಯಲ್ಲಿ 648 ಆಯಿತು.

ಹಳ್ಳಿಯ ಒಳಗೆ ಬಂದರೆ ಹೆಸರಿನ ಪ್ರಶ್ನೆ ಇಷ್ಟು ಹಗುರವಲ್ಲ. ಅಲ್ಲಿ ಬೀದಿಗೆ ಹೆಸರಿಲ್ಲದಿದ್ದರೂ ಕೇರಿಗೆ ಇತ್ತು, ಮತ್ತು ಕೇರಿಯ ಹೆಸರೆಂದರೆ ಜಾತಿಯ ಹೆಸರು. ಊರ ಹೊರಗಿನ ದಲಿತ ಕೇರಿಯನ್ನು ದಾಖಲೆಗಳು ಎಗ್ಗಿಲ್ಲದೆ ಜಾತಿ ಹೆಸರಿನಿಂದಲೇ ಬರೆದವು. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ನಿವೇಶನ ಹಂಚಿಕೆ ಬಿರುಸಾಗಿ, ಊರೂರಿಗೆ ಜನತಾ ಕಾಲೋನಿಗಳು ಬಂದವು. ಆದಿ ಕರ್ನಾಟಕ ಎಂಬುದರ ಮೊದಲಕ್ಷರ ಹಿಡಿದು ಎ.ಕೆ. ಕಾಲೋನಿ ಎಂಬ ಹೆಸರೂ ಬಳಕೆಗೆ ಬಂತು. ಹಕ್ಕುಪತ್ರದಿಂದ ಮನೆಗೊಂದು ನಂಬರು ಸಿಕ್ಕಿತು ನಿಜ. ಆದರೆ ಶಾಲೆಯ ಅರ್ಜಿಯಲ್ಲಿ, ಕೆಲಸದ ಅರ್ಜಿಯಲ್ಲಿ ವಿಳಾಸ ಬರೆದ ಕೂಡಲೇ ಜಾತಿಯೂ ಬರೆದಂತಾಯಿತು. ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹುಡುಕುವವನಿಗೆ ಆಧಾರ್ ಕಾರ್ಡಿನ ಹಿಂಬದಿ ಏನು ಹೇಳಿಬಿಡುತ್ತದೆ ಎಂಬುದು ಚೆನ್ನಾಗಿ ಗೊತ್ತು. ಅಂಬೇಡ್ಕರ್ ನಗರ, ಅಂಬೇಡ್ಕರ್ ಕಾಲೋನಿ ಎಂಬ ಹೆಸರುಗಳನ್ನು ಅಲ್ಲಿನ ಯುವಕರು ಹಟ ಹಿಡಿದು ಕಮಾನಿನ ಮೇಲೆ ಬರೆಸಿದ್ದರ ಹಿಂದೆ ಈ ಅನುಭವವಿದೆ. ನೆರೆಯ ಮಹಾರಾಷ್ಟ್ರದ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಜಾತಿಸೂಚಕ ವಸತಿ ಹೆಸರುಗಳನ್ನೆಲ್ಲ ಬದಲಿಸಲು ತೀರ್ಮಾನಿಸಿತು. ಇಲ್ಲಿ ಹೆಚ್ಚಿನ ಬದಲಾವಣೆ ಬಂದಿರುವುದು ಕೇರಿಯವರ ಒತ್ತಾಯದಿಂದ, ಒಂದೊಂದು ಊರಾಗಿ.

ಅಂಚೆ ಇಲಾಖೆ ಇದೆಲ್ಲದರ ನಡುವೆ ತನ್ನ ಕೆಲಸ ತಾನು ಮಾಡಿಕೊಂಡಿತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರುಮಾಡಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿತು. 'ಇಂಥವರ ಮಗ, ಇಂಥ ಗ್ರಾಮ, ಇಂಥ ಅಂಚೆ, ಇಂಥ ಹೋಬಳಿ' ಎಂಬ ಸೂತ್ರದಲ್ಲಿ ಮನೆ ನಂಬರಿಗೆ ಜಾಗವೇ ಇರಲಿಲ್ಲ. ಹೋಬಳಿ ಏಕೆ ಬೇಕು ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕೇ ಉದಾಹರಣೆ. ಅದರ ನಾಲ್ಕು ಹೋಬಳಿಗಳು ಕಸಬಾ, ಕುಂದಾಣ, ವಿಜಯಪುರ, ಚನ್ನರಾಯಪಟ್ಟಣ. ಹಾಸನ ಜಿಲ್ಲೆಯಲ್ಲಿ ಇನ್ನೊಂದು ಚನ್ನರಾಯಪಟ್ಟಣವಿದೆ, ಅದು ತಾಲ್ಲೂಕು ಕೇಂದ್ರ. ಹಿಂದೆ ವಡಿಗೇನಹಳ್ಳಿ ಎನಿಸಿದ್ದ ಊರು ವಿಜಯಪುರವಾಗಿ ಎಷ್ಟೋ ವರ್ಷ ನೆಮ್ಮದಿಯಾಗಿತ್ತು. 2014ರ ನವೆಂಬರ್ 1ರಂದು ಬಿಜಾಪುರವೂ ಅಧಿಕೃತವಾಗಿ ವಿಜಯಪುರವಾಯಿತು. ಅಂದಿನಿಂದ ರೇಷ್ಮೆಗೂಡಿನ ಈ ಊರಿನವರು ತಾಲ್ಲೂಕಿನ ಹೆಸರನ್ನು ಒತ್ತಿ ಹೇಳಬೇಕು.

ಇಂಥ ಗೊಂದಲ ಬಿಡಿಸಲೆಂದೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ದೇವನಹಳ್ಳಿಗೆ 562110, ಹೊಸಕೋಟೆಗೆ 562114, ನೆಲಮಂಗಲಕ್ಕೆ 562123, ದೊಡ್ಡಬಳ್ಳಾಪುರಕ್ಕೆ 561203. ಬೆಂಗಳೂರು ನಗರದ ಸರಣಿ 560. ದೇವನಹಳ್ಳಿ ತಾಲ್ಲೂಕಿನ ನೆಲದಲ್ಲಿ 2008ರ ಮೇ 24ರಂದು ತೆರೆದ ವಿಮಾನ ನಿಲ್ದಾಣಕ್ಕೆ ಸಿಕ್ಕ ಪಿನ್ ಮಾತ್ರ 560300! ಬೇಲಿಯ ಆಚೆ ಹಳ್ಳಿಗಳು 562ರಲ್ಲಿ, ಈಚೆ ರನ್‌ವೇ ನಗರದ ಸರಣಿಯಲ್ಲಿ. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು. ಕೆಂಪೇಗೌಡರ ಪೂರ್ವಿಕರು ಮೊದಲು ನೆಲೆಸಿದರೆನ್ನುವ ಆವತಿ ಇದೇ ತಾಲ್ಲೂಕಿನಲ್ಲಿದ್ದು, ಗ್ರಾಮಾಂತರದ ಪಿನ್‌ಕೋಡಿನಲ್ಲೇ ಉಳಿದಿದೆ.

ವಿಮಾನ ನಿಲ್ದಾಣ ಬಂದ ಮೇಲೆ ಹೊಲಗಳು ಲೇಔಟುಗಳಾದವು. ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ 1890ರ ದಶಕದಿಂದ ಬೇರೂರಿದ 'ಮೇನ್' ಮತ್ತು 'ಕ್ರಾಸ್' ಪದ್ಧತಿ ರಾಗಿ ಹೊಲಕ್ಕೆ ಇಳಿಯಿತು. ಆದರೆ ಅಲ್ಲಿನ ಬಡಾವಣೆಗಳನ್ನು ಒಂದು ಸಂಸ್ಥೆ ಇಡಿಯಾಗಿ ಯೋಜಿಸಿತ್ತು. ಇಲ್ಲಿ ಎರಡು ಎಕರೆಗೆ ಒಂದು ಲೇಔಟು, ಪಕ್ಕದ ಮೂರು ಎಕರೆಗೆ ಇನ್ನೊಂದು. ಪ್ರತಿಯೊಂದರಲ್ಲೂ ಸೈಟು ನಂಬರು ಒಂದರಿಂದ ಶುರು, ಪ್ರತಿಯೊಂದಕ್ಕೂ ತನ್ನದೇ ಮೊದಲನೇ ಅಡ್ಡರಸ್ತೆ. ಭೂಪರಿವರ್ತನೆಯಾಗಿ ಯೋಜನಾ ಪ್ರಾಧಿಕಾರದ ಒಪ್ಪಿಗೆ ಪಡೆದವು ಕೆಲವು. ಸರ್ವೆ ನಂಬರಿನ ಮೇಲೆಯೇ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳು ಹಲವು. ಕೆ.ಐ.ಎ.ಡಿ.ಬಿ. ಕೈಗಾರಿಕಾ ಪ್ರದೇಶಗಳಲ್ಲಿ ಪ್ಲಾಟ್ ನಂಬರುಗಳ ಬೇರೆಯೇ ಲೋಕ.

ಈ ಸಿಕ್ಕನ್ನು ಬಿಡಿಸಲು 2013ರ ಹೊತ್ತಿಗೆ ಪಂಚಾಯಿತಿ ಸ್ವತ್ತುಗಳ ಗಣಕೀಕೃತ ದಾಖಲೆ, ಇ-ಸ್ವತ್ತು ಬಂತು. ಗ್ರಾಮಠಾಣ ಅಥವಾ ಅನುಮೋದಿತ ಲೇಔಟಿನ ಸ್ವತ್ತಿಗೆ ನಮೂನೆ 9, ಉಳಿದದ್ದಕ್ಕೆ 11ಬಿ. ಗಣಕಯಂತ್ರ ಕೊಡುವ ಸಂಖ್ಯೆ ಇಡೀ ರಾಜ್ಯದಲ್ಲಿ ಒಂದಕ್ಕೇ ಸೇರಿದ್ದು. ಆದರೆ ಅದನ್ನು ಯಾರೂ ಬಾಗಿಲ ಮೇಲೆ ಬರೆಸುವುದಿಲ್ಲ, ಬಾಯಲ್ಲಿ ಹೇಳಲೂ ಆಗುವುದಿಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಕೇಂದ್ರದ ಸ್ವಾಮಿತ್ವ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಕರ್ನಾಟಕವೂ ಇತ್ತು. 1863ರ ಸರಪಳಿ ಬಿಟ್ಟುಹೋದ ಗ್ರಾಮಠಾಣವನ್ನು ಡ್ರೋನ್ ಮೇಲಿಂದ ಅಳೆಯತೊಡಗಿತು.

ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭಿಸಿದಾಗ ಪ್ರತಿ ಮನೆಯನ್ನೂ ತಲುಪಬೇಕಿತ್ತು. ಆಗ ಮೊರೆಹೋದದ್ದು ಖಾನೇಷುಮಾರಿಗಲ್ಲ, ಇ-ಸ್ವತ್ತಿಗಲ್ಲ, ಪಿ.ಐ.ಡಿ.ಗೂ ಅಲ್ಲ. ಮೀಟರ್ ರೀಡರುಗಳು ಲೈಟ್ ಬಿಲ್ಲಿನ ಆರ್.ಆರ್. ನಂಬರು ಹಿಡಿದು ಹೋಗಿ, ಮನೆಯನ್ನು ಜಿಯೋಟ್ಯಾಗ್ ಮಾಡಿ, ಬಾಗಿಲಿಗೆ ಹೊಸ ಗುರುತಿನ ಚೀಟಿ ಅಂಟಿಸಿದರು. ತಿಂಗಳು ತಿಂಗಳೂ ಬಾಗಿಲಿಗೆ ಬರುವ ಒಬ್ಬನೇ ಸರ್ಕಾರಿ ಮನುಷ್ಯನಿಗೆ ಮನೆ ಗೊತ್ತಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಪ್ರಕಟಿಸಿತ್ತು. ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಡುವ ವ್ಯವಸ್ಥೆ ಅದು. ಬೀದಿ, ಕೇರಿ, ಯಜಮಾನ ಯಾವುದೂ ಅದಕ್ಕೆ ಬೇಡ.

ವಿಳಾಸದ ಕೆಳಗಿನ ಸಾಲು ಹೀಗೆ ಖಚಿತವಾಗುತ್ತಿರುವಾಗಲೇ ಮೇಲಿನ ಸಾಲು ಅಲುಗಾಡಿದೆ. ಈ ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು. 2007ರಲ್ಲಿ ರಾಮನಗರ ಬೇರೆಯಾಗಿ ನಾಲ್ಕು ತಾಲ್ಲೂಕು ಉಳಿದವು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದಕ್ಕೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿತು. ಬೆಂಗಳೂರು ಉತ್ತರ ಎಂಬ ತಾಲ್ಲೂಕು ಆಗಲೇ ನಗರ ಜಿಲ್ಲೆಯಲ್ಲಿದೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಕೋಲಾರದಲ್ಲಿದೆ. ತೀರ್ಮಾನವಾದ ಎರಡೇ ತಿಂಗಳಿಗೆ, ಗ್ರೇಟರ್ ಬೆಂಗಳೂರಿನ ಐದು ಹೊಸ ಪಾಲಿಕೆಗಳಲ್ಲಿ ಒಂದಕ್ಕೂ ಬೆಂಗಳೂರು ಉತ್ತರ ಎಂದೇ ಹೆಸರಾಯಿತು. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಂತೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಯಾವುದೂ ಇಲ್ಲ. ನಾಲ್ಕೂ ಮತ ಹಾಕುವುದು ಚಿಕ್ಕಬಳ್ಳಾಪುರಕ್ಕೆ. ಹೊಸಕೋಟೆಯಿರುವುದು ಬೆಂಗಳೂರಿನ ಪೂರ್ವಕ್ಕೆ.